ಓಬಳಮ್ಮ ಮಣ್ಣು ತೂರಿದ್ದು

ಓಬಳಮ್ಮನ ಕೋಳಿ ಕಳೆದರೆ ಊರಿಗೆಲ್ಲ ಗೊತ್ತಾಗುತ್ತಿತ್ತು. ಗೊತ್ತಾಗದೆ ಇರಲು ಆಕೆಯ ಗಂಟಲು ಬಿಡಬೇಕಲ್ಲ! ಮೇಲೂರಿನ ಪಕ್ಕದಲ್ಲಿ, ಹಿಪ್ಪುನೇರಳೆ ತೋಟಗಳ ನಡುವೆ ಇರುವ ಆ ಸಣ್ಣ ಹಳ್ಳಿಯಲ್ಲಿ, ಸಂಜೆ ಆಕೆ ‘ಬಾ ಬಾ ಬಾ’ ಎಂದು ಕೋಳಿ ಕರೆಯುವ ದನಿ ಕೇಳಿದ ಮೇಲೆಯೇ ಎಷ್ಟೋ ಹೆಂಗಸರು ಒಲೆ ಹಚ್ಚುತ್ತಿದ್ದರು. ಆ ಕರೆ ಮಾಮೂಲಿಗಿಂತ ಹೆಚ್ಚು ಹೊತ್ತು ಎಳೆಯಿತೆಂದರೆ ‘ಇವತ್ತೂ ಒಂದು ಹೋಯ್ತು’ ಎಂದುಕೊಂಡು ಬಾಗಿಲು ಎಳೆದುಕೊಳ್ಳುತ್ತಿದ್ದರು. ಕರೆ ನಿಂತ ಮೇಲೆ ಬೈಗುಳ ಶುರುವಾಗುತ್ತದೆ ಎಂಬುದು ಎಲ್ಲರಿಗೂ ತಿಳಿದ ಸಂಗತಿ.

ಬೈಯುವುದರಲ್ಲಿ ಆಕೆಗೆ ಒಂದು ಕ್ರಮವಿತ್ತು. ಮೊದಲು ಕನ್ನಡದಲ್ಲಿ, ಹೆಸರೆತ್ತದೆ, ಗಾಳಿಗೆ ಬೈಯುವಳು. ಕೋಪ ಏರಿದಂತೆ ಮಂಡಿಕಲ್ ಕಡೆಯ ತವರಿನ ತೆಲುಗು ನುಗ್ಗಿ ಬರುತ್ತಿತ್ತು. ‘ನೀ ಇಲ್ಲು ಪಾಡುಗಾನು’ ಎಂದು ಯಾರ ಮನೆಯೋ ಹಾಳಾಗಲಿ ಎಂದು ಹರಸುವ ಹೊತ್ತಿಗೆ ಗಂಡ ಮುನಿಶಾಮಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ತೋಟದ ಕಡೆಗೆ ನಡೆದಿರುತ್ತಿದ್ದ. ಮಾಮೂಲಿಯಾಗಿ ಗಂಡನನ್ನು ‘ನೀವು’ ಎಂದೇ ಮಾತಾಡಿಸುವ ಹೆಂಗಸು, ಸಿಟ್ಟು ಬಂದ ದಿನ ‘ನೀನು’ ಎನ್ನುತ್ತಿದ್ದಳು. ಆ ಒಂದು ಮಾತಿನಿಂದಲೇ ಅವನು ಆ ದಿನದ ಹವಾಮಾನ ತಿಳಿದುಕೊಳ್ಳುತ್ತಿದ್ದ.

ಬರೀ ಕೋಳಿಗೆ ಇಷ್ಟು ರಂಪವೇ ಎಂದು ಯಾರಾದರೂ ಕೇಳಬಹುದು. ಕೇಳುವವರು ಆ ಮನೆಯನ್ನು ಒಮ್ಮೆ ಒಳಹೊಕ್ಕು ನೋಡಬೇಕು. ಜಮೀನು ಗಂಡನ ಹೆಸರಿನಲ್ಲಿದೆ. ಹಿತ್ತಲಾಚೆಯ ಹುಳುಮನೆ, ಅಂದರೆ ರೇಷ್ಮೆ ಹುಳು ಮೇಯಿಸುವ ಶೀಟಿನ ಮನೆ, ಮಗ ಮುರಳಿಮೋಹನನ ಹೆಸರಿನಲ್ಲಿದೆ. ಹಸು ಯಾವಾಗ ಮಾರಬೇಕು, ಗೂಡು ಯಾವ ಮಾರುಕಟ್ಟೆಗೆ ಒಯ್ಯಬೇಕು, ಕೊಳವೆಬಾವಿ ಎಲ್ಲಿ ಕೊರೆಸಬೇಕು, ಇವೆಲ್ಲ ಅಪ್ಪ ಮಗ ಜಗುಲಿಯ ಮೇಲೆ ಕೂತು ಮಾತಾಡಿಕೊಳ್ಳುವ ವಿಷಯಗಳು. ಓಬಳಮ್ಮ ಹಿಪ್ಪುನೇರಳೆ ಸೊಪ್ಪು ಕೊಯ್ಯಬೇಕು, ಹುಳುವಿಗೆ ಹಾಕಬೇಕು, ಕಸ ತೆಗೆಯಬೇಕು, ಮುದ್ದೆ ತೊಳಸಬೇಕು. ಆದರೆ ಕೋಳಿ ಆಕೆಯದು. ಯಾವ ಹೇಂಟೆಯನ್ನು ಕಾವಿಗೆ ಕೂರಿಸಬೇಕು, ಯಾವ ಹುಂಜವನ್ನು ಉಳಿಸಿಕೊಳ್ಳಬೇಕು, ಯಾವ ಬಾಣಂತಿಗೆ ಒಂದು ಕೋಳಿ ಕಳಿಸಬೇಕು ಎನ್ನುವುದನ್ನು ಆಕೆ ಒಬ್ಬಳೇ ತೀರ್ಮಾನಿಸುತ್ತಿದ್ದಳು. ಆ ಮನೆಯಲ್ಲಿ ಆಕೆಯ ಮಾತು ಕೊನೆಯ ಮಾತಾಗುತ್ತಿದ್ದದ್ದು ಅದೊಂದರಲ್ಲೇ.

ಆ ಕೋಳಿಗಳ ಮೂಲ ಪಕ್ಕದ ಮನೆಯ ಚಿಕ್ಕವೆಂಕಟಮ್ಮ. ಓಬಳಮ್ಮ ಮದುವೆಯಾಗಿ ಬಂದ ಹೊಸತರಲ್ಲಿ, ಅತ್ತೆಯ ಕಣ್ಣು ತಪ್ಪಿಸಿ, ಸೆರಗಿನಲ್ಲಿ ಮೊಟ್ಟೆ ಕಟ್ಟಿಕೊಂಡು ಬಂದು ‘ಕಾವಿಗಿಡು ಅಕ್ಕ, ನಿಂದು ಅಂತ ಏನಾದ್ರೂ ಇರ್ಲಿ’ ಎಂದು ಕೊಟ್ಟವಳು ಅವಳು. ಅಂದಿನಿಂದ ಎರಡು ಹಿತ್ತಲಿಗೂ ನಡುವೆ ಬೇಲಿ ಇದ್ದೂ ಇಲ್ಲದ ಹಾಗಿತ್ತು. ಗಂಡ ತೀರಿಕೊಂಡ ಮೇಲೆ ಚಿಕ್ಕವೆಂಕಟಮ್ಮ ಊರಾಚೆಯ ನೂಲು ತೆಗೆಯುವ ಕಾರ್ಖಾನೆಗೆ ಕೂಲಿಗೆ ಹೋಗುತ್ತಿದ್ದಳು. ಸಂಜೆ ಬಂದು, ಬಿಸಿನೀರಿನಲ್ಲಿ ನೆನೆದು ಬಿಳಿಚಿಕೊಂಡ ಬೆರಳುಗಳನ್ನು ಓಬಳಮ್ಮನ ಒಲೆಯ ಮುಂದೆ ಹಿಡಿದು ಕೂರುವಳು. ಊರಿಗೆಲ್ಲ ಹೆದರಿಕೆ ಹುಟ್ಟಿಸುವ ಬಾಯಿ ಅವಳ ಮುಂದೆ ಮಾತ್ರ ತಣ್ಣಗಿರುತ್ತಿತ್ತು.

ಈ ಸಲ ಮುಂಗಾರಿನ ಮೋಡ ಕಟ್ಟುವ ಹೊತ್ತಿಗೆ ಕೋಳಿಗಳು ಕಾಣೆಯಾಗತೊಡಗಿದವು. ಮೊದಲು ಕೆಂಪು ಹುಂಜ ಹೋಯಿತು. ಆಮೇಲೆ ಮೊಟ್ಟೆಗೆ ಬಂದಿದ್ದ ಒಂದು ಯಾಟೆ, ಎಳೆಯ ಹೇಂಟೆ. ಸಂಜೆ ಕರೆದಾಗ ಮಿಕ್ಕವೆಲ್ಲ ಓಡೋಡಿ ಬಂದು ಮಂಕರಿ ಬುಟ್ಟಿಯ ಕೆಳಗೆ ಸೇರಿಕೊಂಡವು, ಅವೆರಡು ಬರಲಿಲ್ಲ. ಓಬಳಮ್ಮ ತೋಟಕ್ಕೆ ಹೋಗಿ ಹಿಪ್ಪುನೇರಳೆ ಸಾಲುಗಳ ಕೆಳಗೆ ಬಗ್ಗಿ ಬಗ್ಗಿ ನೋಡಿದಳು. ಹುಲ್ಲಿನ ಬಣವೆಯ ಹಿಂದೆ ನೋಡಿದಳು. ಮೋರಿಯೊಳಗೆ ಕಡ್ಡಿ ಆಡಿಸಿದಳು. ಪುಕ್ಕವೂ ಇಲ್ಲ, ರಕ್ತದ ಕಲೆಯೂ ಇಲ್ಲ.

“ಮುಂಗುಸಿ ಒಯ್ದಿರಬೇಕು. ಹೋಗ್ಲಿ ಬಿಡು, ಕೋಳಿ ತಾನೆ,” ಎಂದ ಮುನಿಶಾಮಪ್ಪ, ಮುದ್ದೆ ಮುರಿಯುತ್ತ.

“ಮುಂಗುಸಿ ಒಯ್ದಿದ್ರೆ ಪುಕ್ಕ ಬಿಟ್ಟೋಗ್ತಿತ್ತು,” ಎಂದಳು ಓಬಳಮ್ಮ. “ಪುಕ್ಕ ಉದುರಿಸದಂಗೆ ಒಯ್ಯೋದು ಎರಡು ಕಾಲಿಂದು. ಚೀಲದಾಗೆ ಹಾಕ್ಕೊಂಡು ಹೋಗಿರೋದು. ಕೋಳಿ ತಾನೆ ಅಂತೀಯಲ್ಲ ನೀನು, ನಾಳೆ ನಿನ್ನ ಹಸು ಹೋಗ್ಲಿ, ಹಸು ತಾನೆ ಅಂತೀನಿ.”

‘ನೀನು’ ಬಂದಿತ್ತು. ಮುನಿಶಾಮಪ್ಪ ತಟ್ಟೆಯಲ್ಲೇ ಕೈತೊಳೆದು ಎದ್ದ. ಮುರಳಿಮೋಹನ್ ಫೋನಿನಿಂದ ತಲೆ ಎತ್ತಲಿಲ್ಲ. ಶಿಡ್ಲಘಟ್ಟದ ಒಂದು ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದ ಅವನು, ಬೆಳಗ್ಗೆ ಹುಳುವಿಗೆ ಸೊಪ್ಪು ಹಾಕಿ ಬೈಕು ಹತ್ತಿದರೆ ಮತ್ತೆ ಕಾಣುತ್ತಿದ್ದದ್ದು ದೀಪ ಹಚ್ಚುವ ಹೊತ್ತಿಗೆ.

ಇನ್ನೊಂದು ಹೋಯಿತು. ಮತ್ತೊಂದು ಹೋಯಿತು. ಪ್ರತಿ ಸಲವೂ ಓಬಳಮ್ಮ ಹುಡುಕಿದಳು, ಬೈದಳು, ಹಲ್ಲು ಕಚ್ಚಿಕೊಂಡು ಮಲಗಿದಳು. ಗಂಡ ಹಸಿವಿಲ್ಲವೆಂದು ಅಷ್ಟರಲ್ಲೇ ಮಲಗಿರುತ್ತಿದ್ದ. ಹಗಲೆಲ್ಲ ಕೋಳಿಗಳ ಕಾಲಿಗೆ ದಾರ ಕಟ್ಟಿ ಬಿಟ್ಟು ನೋಡಿದಳು; ದಾರ ಸುತ್ತಿಕೊಂಡು ಒಂದು ಕೋಳಿ ಕುಂಟಾದದ್ದಷ್ಟೇ ಬಂತು. ಮನುಷ್ಯನ ಮನಸ್ಸು ಒಂದು ಸಲ ಕಳ್ಳನನ್ನು ಹುಡುಕಲು ಹೊರಟರೆ ದೂರ ಹೋಗುವುದಿಲ್ಲ, ಕೈಗೆಟುಕುವ ಮನೆಯಲ್ಲೇ ನಿಂತುಬಿಡುತ್ತದೆ. ಚಿಕ್ಕವೆಂಕಟಮ್ಮನ ತಿಪ್ಪೆಯ ಬಳಿ ಆಕೆಗೆ ಚುಕ್ಕೆ ಚುಕ್ಕೆಯ ಎರಡು ಪುಕ್ಕ ಸಿಕ್ಕವು. ಇಷ್ಟು ವರ್ಷ ಆ ತಿಪ್ಪೆಯನ್ನು ಕೆದಕಿಯೇ ತನ್ನ ಕೋಳಿಗಳು ಹೊಟ್ಟೆ ಹೊರೆದದ್ದು ಎಂಬುದು ಆಕೆಗೆ ಆಗ ನೆನಪಾಗಲಿಲ್ಲ. ಪುಕ್ಕಗಳನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

ಕೊನೆಗೆ ಹೋದದ್ದು ಕಾವು ಕೂತ ಹೇಂಟೆ. ಹಿತ್ತಲ ಸೌದೆ ಕೊಟ್ಟಿಗೆಯಲ್ಲಿ, ಹಳೆಯ ಮಂಕರಿಯಲ್ಲಿ ಬೂದಿ ಹುಲ್ಲು ಹಾಸಿ ಅದನ್ನು ಕೂರಿಸಿದ್ದಳು. ಕಾವಿನ ಕೋಳಿ ದಿನಕ್ಕೊಮ್ಮೆ ಎದ್ದು ಬಂದು, ನಾಲ್ಕು ಕಾಳು ತಿಂದು, ನೀರು ಕುಡಿದು, ಅವಸರದಲ್ಲಿ ವಾಪಸ್ಸು ಹೋಗುತ್ತದೆ. ಆ ದಿನ ಎದ್ದು ಹೋದದ್ದು ವಾಪಸ್ಸು ಬರಲಿಲ್ಲ. ಸಂಜೆ ಓಬಳಮ್ಮ ಮಂಕರಿಯೊಳಗೆ ಕೈ ಹಾಕಿದಾಗ ಮೊಟ್ಟೆಗಳೆಲ್ಲ ತಣ್ಣಗೆ ಕೊರೆಯುತ್ತಿದ್ದವು. ಒಂದನ್ನು ಕಿವಿಯ ಹತ್ತಿರ ಹಿಡಿದಳು. ನೆನ್ನೆ ಮೊನ್ನೆ ಒಳಗೆ ಏನೋ ಮಿಸುಕಾಡುವುದು ಕೇಳುತ್ತಿತ್ತು. ಈಗ ಏನೂ ಕೇಳಲಿಲ್ಲ. ಇನ್ನೊಂದೆರಡು ದಿನದಲ್ಲಿ ಒಡೆಯಬೇಕಿದ್ದ ಮೊಟ್ಟೆಗಳು ಅವು. ಆಕೆಗೆ ಅಳು ಬರಲಿಲ್ಲ, ಮೈಯೆಲ್ಲ ಉರಿ ಎದ್ದಿತು.

ಅದೇ ಹೊತ್ತಿಗೆ ಪಕ್ಕದ ಮನೆಯಿಂದ ನಾಟಿಕೋಳಿ ಸಾರಿನ ಘಮ ಬೇಲಿ ದಾಟಿ ಬಂತು. ಹಬ್ಬವಿಲ್ಲ, ಹರಿದಿನವಿಲ್ಲ, ಕೂಲಿ ಮಾಡುವ ಹೆಂಗಸಿನ ಮನೆಯಲ್ಲಿ ವಾರದ ನಡುವೆ ಕೋಳಿ ಸಾರು. ಓಬಳಮ್ಮ ಮುಂದೆ ಏನೂ ಯೋಚಿಸಲಿಲ್ಲ.

ಮೂರು ದಾರಿ ಕೂಡುವ ಕಡೆ, ಎರಡು ಮನೆಗಳ ಮುಂದೆಯೇ, ಬೀದಿಯ ನಡುವೆ ಹೋಗಿ ನಿಂತಳು. ಡೈರಿಗೆ ಹಾಲು ಹಾಕಿ ಬರುವವರು ಕ್ಯಾನು ಹಿಡಿದು ಅಲ್ಲಲ್ಲೇ ನಿಂತರು. ಮುನಿಶಾಮಪ್ಪ ಆವತ್ತು ತೋಟಕ್ಕೆ ಹೋಗದೆ ಜಗುಲಿಯ ಮೇಲೆ ಕೂತಿದ್ದ. ಆಕೆ ಬಗ್ಗಿ ಎರಡು ಮುಷ್ಟಿ ಮಣ್ಣು ಬಾಚಿಕೊಂಡಳು. ಆ ಸೀಮೆಯಲ್ಲಿ ಹೆಂಗಸೊಬ್ಬಳು ಮಣ್ಣು ತೂರುವುದೆಂದರೆ ಬಾಯಿಬೈಗುಳ ಮುಗಿದು ಶಾಪದ ಹಂತಕ್ಕೆ ಬಂತು ಎಂದು ಅರ್ಥ. ಪೊಲೀಸು ಪಂಚಾಯಿತಿಗೆ ಬಗ್ಗದವರೂ ತೂರಿದ ಮಣ್ಣಿಗೆ ಹೆದರುತ್ತಾರೆ.

“ಕೇಳ್ರಪ್ಪ ಎಲ್ಲ!” ಎಂದು ಕೂಗಿದಳು ಓಬಳಮ್ಮ. “ಕಾವು ಕೂತ ಕೋಳೀನ ಎತ್ಕೊಂಡೋಗಿ ಸಾರು ಮಾಡ್ಕೊಂಡವ್ರೆ! ನನ್ನ ಕೋಳಿ ಹಿಡಿದೋರು ಯಾರೇ ಆಗಿರ್ಲಿ, ಅವರ ಮನೆ ಹುಳಕ್ಕೆ ಹಾಲುತೊಂಡೆ ಬರ್ಲಿ! ಒಂದು ಗೂಡೂ ಕಟ್ಟದಂಗೆ ಅಷ್ಟಕ್ಕಷ್ಟೂ ತಿಪ್ಪೆಗೋಗ್ಲಿ! ನಾಶನಂ ಆಗಿ ಹೋಗ್ಲಿ!”

ಮಣ್ಣು ಗಾಳಿಯಲ್ಲಿ ಹಾರಿ ಬಹುಪಾಲು ಚಿಕ್ಕವೆಂಕಟಮ್ಮನ ಹೊಸ್ತಿಲ ಮೇಲೆ ಬಿತ್ತು. ಹಾಲುತೊಂಡೆ ಎಂದರೆ ರೇಷ್ಮೆ ಹುಳು ಊದಿಕೊಂಡು, ಹಳದಿಗಟ್ಟಿ, ಹಾಲಿನಂಥ ರಸ ಕಾರಿ ಸಾಯುವ ರೋಗ. ರೇಷ್ಮೆ ನಂಬಿದ ಊರಿನಲ್ಲಿ ಅದಕ್ಕಿಂತ ಕೆಟ್ಟ ಶಾಪವಿಲ್ಲ. ಆಕೆಯ ಬಾಯಿಗೆ ಅದು ತಾನಾಗಿ ಬಂದಿತ್ತು.

ಚಿಕ್ಕವೆಂಕಟಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ಹೊಸ್ತಿಲ ಮೇಲಿನ ಮಣ್ಣು ನೋಡಿದಳು, ಓಬಳಮ್ಮನ ಕೈ ನೋಡಿದಳು.

“ನನ್ನ ತಮ್ಮ ಆವಲಪ್ಪ ಚಿಂತಾಮಣಿಯಿಂದ ಬಂದವ್ನೆ. ಕೋಳಿ ಅವನು ತಂದಿದ್ದು,” ಎಂದಳು. ದನಿ ಏರಿಸಲಿಲ್ಲ. “ಹುಳ ಅಂದ್ಯಲ್ಲ ಅಕ್ಕ, ನಮ್ಮನೇಲಿ ಹುಳ ಎಲ್ಲೈತೆ? ಈ ಬೀದೀಲಿ ಈಗ ಹುಳ ಇಟ್ಟಿರೋದು ನೀವೊಬ್ಬರೆ.”

ಬಾಗಿಲು ಹಾಕಿಕೊಂಡಳು. ನಿಂತವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಓಬಳಮ್ಮ ಆ ನಗುವಿನ ಕಡೆಗೆ ತಿರುಗಿ ಇನ್ನಷ್ಟು ಬೈದಳು.

ಅಲ್ಲಿಗೆ ಎರಡು ಮನೆಗಳ ಮಾತು ಕಡಿಯಿತು. ಚಿಕ್ಕವೆಂಕಟಮ್ಮ ಕೆಲಸಕ್ಕೆ ಹೋಗುವಾಗ ಈ ಕಡೆ ನೋಡುತ್ತಿರಲಿಲ್ಲ. ಸಂಜೆ ಓಬಳಮ್ಮ ಒಲೆ ಮುಂದೆ ಒಬ್ಬಳೇ ಕೂರುತ್ತಿದ್ದಳು, ಎದುರಿಗೆ ಖಾಲಿ ಮಣೆ. ‘ಕಳ್ಳಿ, ಮಾತಲ್ಲಿ ಮುಚ್ಚಿಹಾಕ್ತಾಳೆ’ ಎಂದು ಗೊಣಗುವಳು. ಗೊಣಗಿದ ಮೇಲೂ ಒಳಗೆ ಏನೋ ಸರಿಯಾಗಿ ಕೂರುತ್ತಿರಲಿಲ್ಲ. ಅದಕ್ಕೂ ಸಿಟ್ಟು ಬರುತ್ತಿತ್ತು.

ಇತ್ತ ಹುಳುಮನೆಯಲ್ಲಿ ಹುಳುಗಳು ನಾಲ್ಕನೇ ಜ್ವರ ಎದ್ದಿದ್ದವು. ಜ್ವರವೆಂದರೆ ಕಾಯಿಲೆಯಲ್ಲ, ಹುಳು ಮೇವು ಬಿಟ್ಟು ಮಲಗಿ ಪೊರೆ ಕಳಚುವ ಹೊತ್ತು. ನಾಲ್ಕನೆಯದು ಮುಗಿಯಿತೆಂದರೆ ಸೊಪ್ಪನ್ನು ಬಕಬಕ ತಿನ್ನುತ್ತವೆ, ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕು. ಅಷ್ಟರಲ್ಲಿ ಮಳೆ ಹಿಡಿಯಿತು. ತೇವದ ಸೊಪ್ಪೇ ಹಾಕಬೇಕಾಯಿತು. ಒಂದು ಮಧ್ಯಾಹ್ನ ಮುನಿಶಾಮಪ್ಪ ಹುಳು ಹಾಸಿದ ಸ್ಟ್ಯಾಂಡಿನ ಮೂಲೆಯಲ್ಲಿ ಕೆಲವು ಹುಳುಗಳು ಊದಿಕೊಂಡು, ಹಳದಿಯಾಗಿ, ಅಂಚಿಗೆ ಬಂದು ತೆವಳುತ್ತಿರುವುದನ್ನು ಕಂಡ. ತೇವದಲ್ಲಿ ಒಂದು ಮೂಲೆಗೆ ಹೀಗಾಗುವುದು ಹೊಸದಲ್ಲ. ಆರಿಸಿ ತೆಗೆದು, ಸುಣ್ಣ ಹೊಡೆದರೆ ಎಷ್ಟೋ ಸಲ ಅಲ್ಲಿಗೇ ನಿಲ್ಲುತ್ತದೆ. ಬೇರೆ ಯಾವಾಗಲಾದರೂ ಆಗಿದ್ದರೆ ಅವನೂ ಹಾಗೇ ಮಾಡುತ್ತಿದ್ದ. ಆದರೆ ಕದ್ದ ಕೋಳಿ ತಿಂದ ಹೊಟ್ಟೆ ತೇವದ ಮಾತನ್ನು ನಂಬುವುದಿಲ್ಲ.

ಓಬಳಮ್ಮ ಅಡುಗೆಮನೆಯಲ್ಲಿ ನೆನೆಸಿದ ಒಣ ಅವರೆಕಾಳು ಹಿಸುಕುತ್ತ ಕೂತಿದ್ದಳು. ಅವನು ಬಂದು ಬಾಗಿಲಲ್ಲಿ ನಿಂತ.

“ಓಬಳಮ್ಮ, ಅವತ್ತು ಬೀದೀಲಿ ಅಂದ್ಯಲ್ಲ, ಆ ಮಾತು ವಾಪಸ್ ತಗೊಂಡುಬಿಡು.”

“ಯಾಕಂತೆ?”

“ಪಾಪ, ಗಂಡ ಇಲ್ದೋಳು. ಅಕ್ಕಪಕ್ಕ ಇರೋರು.”

ಓಬಳಮ್ಮನಿಗೆ ಒಂದು ಗಳಿಗೆ ಗಂಡನ ಮೇಲೆ ಪ್ರೀತಿಯೇ ಉಕ್ಕಿತು. ತನಗೂ ಒಳಗೊಳಗೆ ಅದೇ ಬೇಕಿತ್ತಲ್ಲ! “ಬಿಡಿ, ಅವಳ ಮನೇಲಿ ಹುಳ ಎಲ್ಲೈತೆ, ಶಾಪ ತಟ್ಟೋಕೆ,” ಎಂದಳು ಮೆತ್ತಗೆ.

ಅವನು ಹೋಗಲಿಲ್ಲ. “ಅದಕ್ಕೇ ಕಣೆ ಹೇಳಿದ್ದು. ಮೂಲೇಲಿ ಹಾಲುತೊಂಡೆ ಕಾಣಿಸ್ಕೊಂಡೈತೆ.”

“ಎಲ್ಲಿ?”

“ನಮ್ಮ ಹುಳದಲ್ಲಿ.”

ಅವರೆಕಾಳು ಹಿಸುಕುತ್ತಿದ್ದ ಕೈ ನಿಂತಿತು. ಓಬಳಮ್ಮ ತಲೆ ಎತ್ತಿ ಗಂಡನ ಮುಖ ನೋಡಿದಳು. ಮುನಿಶಾಮಪ್ಪ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ. ನಾನು ಕಳ್ಳನಿಗೆ ಶಾಪ ಹಾಕಿದ್ದು, ಇವನಿಗೇಕೆ ನಡುಕ ಎಂದು ಆಕೆ ಬಾಯಿಬಿಟ್ಟು ಕೇಳಲಿಲ್ಲ. ಕೇಳುವ ಅಗತ್ಯವೇ ಬೀಳಲಿಲ್ಲ.

“ನೀನಾ?” ಎಂದಳು.

“ನಾನೊಬ್ನೇ ಅಲ್ಲ, ಮುರಳೀನೂ…”

ಆಮೇಲೆ ಎಲ್ಲವೂ ಹೊರಬಂತು. ಹುಳುಮನೆಯ ಹಿಂಬದಿಯ ಬಲೆಯ ಬಾಗಿಲು ಕೆಳಗೆ ಕಿತ್ತುಹೋಗಿತ್ತು. ಅಲ್ಲಿಂದ ನುಸುಳಿದ ಕೋಳಿಗಳು ಹುಳುವನ್ನು ಅನ್ನದ ಅಗುಳಿನಂತೆ ಹೆಕ್ಕಿ ತಿನ್ನುತ್ತಿದ್ದವು. ಬೆಳಗ್ಗೆ ಸೊಪ್ಪು ಹಾಕುವಾಗ ಕಂಡ ಕೋಳಿಯನ್ನು ಮುರಳಿಮೋಹನ್ ಹಿಡಿದು ಚೀಲಕ್ಕೆ ಹಾಕುತ್ತಿದ್ದ. ಒಂದು ಕೋಳಿ ಅವನ ಅಂಗಡಿಯ ಮಾಲೀಕನ ಮನೆಗೆ ಹೋಯಿತು. ಮಿಕ್ಕವು ತೋಟದ ಮೋಟರು ಮನೆಯ ಹಿಂದೆ ಗೆಳೆಯರ ಜೊತೆ ಬೆಂದವು. ಅಪ್ಪನಿಗೂ ಬಡಿಸಲಾಗಿತ್ತು.

“ಅದಕ್ಕೇನಾ ಆವತ್ತೆಲ್ಲ ಹಸಿವಿಲ್ಲ ಅಂತ ಮಲಗಿದ್ದು?” ಓಬಳಮ್ಮ ಎದ್ದು ನಿಂತಳು. ಅವರೆಕಾಳಿನ ಮೊರ ಮಗುಚಿಕೊಂಡು ಕಾಳೆಲ್ಲ ಚೆಲ್ಲಾಪಿಲ್ಲಿಯಾಯಿತು. “ನಾನು ಮೋರಿಗೆಲ್ಲ ಕೈ ಹಾಕಿ ಹುಡುಕ್ತಿದ್ರೆ ಮುಂಗುಸಿ ಒಯ್ತು ಅಂದ್ಯಲ್ಲ, ಹೊಟ್ಟೇಲಿಟ್ಕೊಂಡು ಹೇಳಿದ್ಯಾ ಆ ಮಾತ!”

“ನಿಂಗೆ ಹೇಳೋಣ ಅಂತಾನೇ ಇದ್ದೆ. ನಿನ್ನ ಬಾಯಿಗೆ ಹೆದರಿ…”

“ಹೆದರ್ಕೊಳಯ್ಯ! ನನ್ನ ಬಾಯಿಗೆ ಹೆದರ್ಕೊ! ಆದ್ರೆ ಆ ಬಾಯಿ ನಿಮ್ಮ ಬಿಟ್ಟು ವೆಂಕಟಮ್ಮನ ಮೇಲೆ ಹೋಗ್ತಿದ್ದಾಗ ಜಗುಲಿ ಮೇಲೆ ಕೂತು ನೋಡ್ತಿದ್ಯಲ್ಲ, ಅದನ್ಯಾವ ಬಾಯಲ್ಲಿ ಹೇಳ್ತೀಯ?”

ಮುನಿಶಾಮಪ್ಪ ಬಗ್ಗಿ ಚೆಲ್ಲಿದ ಕಾಳು ಹೆಕ್ಕತೊಡಗಿದ. ಮಳೆಯೆಂದು ಅಂಗಡಿಯಿಂದ ಬೇಗ ಬಂದ ಮುರಳಿಮೋಹನ್ ಬೈಕು ನಿಲ್ಲಿಸಿ ಒಳಗೆ ಕಾಲಿಟ್ಟದ್ದೇ ತಡ, ಸರದಿ ಅವನಿಗೆ ಬಂತು.

“ಬಾಗಿಲು ಕಿತ್ತೋಗಿದ್ರೆ ಬಾಗಿಲು ಹಾಕಿಸ್ಬೇಕು ಕಣೋ! ನಾಲ್ಕು ಮೊಳೆ, ಒಂದು ತುಂಡು ಬಲೆ! ಅದಕ್ಕೆ ಕೈ ಬರ್ಲಿಲ್ಲ, ನನ್ನ ಕೋಳಿ ಕತ್ತಿಗೆ ಕೈ ಬಂತಾ?”

“ಅಮ್ಮ, ಹುಳ ಎಷ್ಟು ತಿಂದುಹಾಕ್ತಿದ್ವು ಗೊತ್ತಾ? ಕೋಳಿ ಬೇರೆ ತಂದ್ಕೊಡ್ತೀನಿ ಬಿಡಮ್ಮ, ಫಾರಂನಲ್ಲಿ ಎಷ್ಟು ಬೇಕಾದ್ರೂ ಸಿಗ್ತವೆ.”

“ಕಾವು ಕೂತಿತ್ತಲ್ಲೋ ಅದು!”

“ಕಾವು ಕೂತಿದ್ದು ಅಂತ ನಂಗೇನು ಗೊತ್ತಮ್ಮ? ಕೋಳಿ ಅಂದ್ರೆ ಕೋಳಿ.”

ಈ ಮಾತು ಕೇಳಿ ಓಬಳಮ್ಮ ಸುಮ್ಮನಾದಳು. ಆಕೆ ಸುಮ್ಮನಾದದ್ದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಅಪ್ಪ ಮಗ ಇಬ್ಬರೂ ಒಂದು ಹೆಜ್ಜೆ ಹಿಂದೆ ಸರಿದರು.

“ಹಿತ್ತಲಲ್ಲೇ ನೀರು ಚೆಲ್ಲಿ ಮಾತು ವಾಪಸ್ ತಗೊ,” ಎಂದ ಮುನಿಶಾಮಪ್ಪ ತಗ್ಗಿದ ದನಿಯಲ್ಲಿ. “ಹುಳ ಹಣ್ಣಾಗೋ ಹೊತ್ತು. ಊರಿಗೆಲ್ಲ ಯಾಕೆ?”

“ಬೀದೀಲಿ ಹಾಕಿದ್ದು ಹಿತ್ತಲಲ್ಲಿ ಹೋಗಲ್ಲ. ಅದೇ ಜಾಗ, ಅದೇ ಹೊತ್ತು, ಕೇಳಿಸ್ಕೊಂಡೋರ ಮುಂದೇನೆ ಹೋಗ್ಬೇಕು. ನಿಂಗೂ ಗೊತ್ತು ಅದು.”

ಅವನಿಗೆ ಗೊತ್ತಿತ್ತು. ಒಂದು ಕಾಲಕ್ಕೆ ಹಾಲಿನ ಡೈರಿಗೆ ಅಧ್ಯಕ್ಷನಾಗಿದ್ದ ಮನುಷ್ಯ, ಊರ ನ್ಯಾಯಕ್ಕೆ ಕರೆಯುವ ಮನುಷ್ಯ. ಹೆಂಡತಿಯ ಕೋಳಿ ಕದ್ದು ತಿಂದವನೆಂದು ಬೀದಿಯಲ್ಲಿ ನಿಲ್ಲಬೇಕು. ಇಲ್ಲವಾದರೆ ಸ್ಟ್ಯಾಂಡಿನ ಮೂಲೆಯ ಹಳದಿ ಬಣ್ಣ ಹರಡುವುದನ್ನು ನೋಡುತ್ತ ಕೂರಬೇಕು. ಅವನು ಹುಳುಮನೆಗೆ ಹೋಗಿ ಇನ್ನೊಂದು ಸಲ ನೋಡಿ ಬಂದ. ಬಂದವನೇ ಮಗನಿಗೆ, “ನಡಿಯಪ್ಪ,” ಎಂದ.

ಸಂಜೆ ಮಳೆ ಬಿಟ್ಟಿತ್ತು. ಹಾಲಿನ ಕ್ಯಾನಿನವರು ಬರುವ ಹೊತ್ತಿಗೆ ಓಬಳಮ್ಮ ತುಂಬಿದ ಬಿಂದಿಗೆ ಸೊಂಟಕ್ಕಿಟ್ಟುಕೊಂಡು ಮೂರು ದಾರಿಯ ನಡುವೆ ನಿಂತಳು. ಎಡಗಡೆ ಗಂಡ, ಬಲಗಡೆ ಮಗ. ಮಗ ಹೆಲ್ಮೆಟ್ ತೆಗೆದಿರಲಿಲ್ಲ. ಆಕೆ ಅದನ್ನು ಕಿತ್ತು ಅವನ ಕೈಗೆ ಕೊಟ್ಟಳು.

“ಕೇಳ್ರಪ್ಪ ಎಲ್ಲ! ನನ್ನ ಕೋಳಿ ಹಿಡಿದೋರು ಸಿಕ್ಕವ್ರೆ! ಇವ್ನು ನನ್ನ ಗಂಡ, ಇವ್ನು ನನ್ನ ಮಗ! ಇವರು ತಿಂದಿದ್ದಕ್ಕೆ ನಾನು ವೆಂಕಟಮ್ಮನ ಹೊಸ್ತಿಲಿಗೆ ಮಣ್ಣು ತೂರ್ದೆ! ಅವಳು ಕದ್ದಿಲ್ಲ! ಅವಳು ಕದ್ದೋಳಲ್ಲ!”

ಯಾರೂ ನಗಲಿಲ್ಲ. ಚಿಕ್ಕವೆಂಕಟಮ್ಮನ ಬಾಗಿಲು ತೆರೆಯಿತು. ಕಾರ್ಖಾನೆಯಿಂದ ಆಗಷ್ಟೇ ಬಂದಿದ್ದಳು, ಸೀರೆಯ ಸೆರಗು ಇನ್ನೂ ಸೊಂಟಕ್ಕೆ ಸಿಕ್ಕಿಸಿದಂತೆಯೇ ಇತ್ತು.

“ಹುಳ ಏನು ತಪ್ಪು ಮಾಡಿದ್ವು, ನೀರು ಚೆಲ್ಲು,” ಎಂದಳು. ಆಮೇಲೆ ಅವಳ ದನಿ ಒಡೆಯಿತು, ಸಿಟ್ಟಿನಿಂದಲೇ ಒಡೆಯಿತು. “ಕಾರ್ಖಾನೇಲಿ ನನ್ನ ಟಿಫನ್ ಡಬ್ಬಿ ತೆಗೆದು ನೋಡಿ ಕೋಳಿ ಐತಾ ಅಂತ ಕೇಳಿದ್ರು ಕಣೆ ಓಬಳಮ್ಮ. ಒಂದು ಸಲ, ಒಂದೇ ಸಲ ಒಳಗೆ ಬಂದು ಕೇಳಿದ್ರೆ ನಾನು ಹೇಳ್ತಿರ್ಲಿಲ್ವಾ? ಇಷ್ಟು ವರ್ಷದಲ್ಲಿ ನಿಂಗೆ ನನ್ನ ಬಾಗಿಲು ಯಾವತ್ತಾದ್ರೂ ಹಾಕಿತ್ತಾ?”

ಅಕ್ಕ ಎನ್ನಲಿಲ್ಲ. ಬಾಗಿಲು ಹಾಕಿಕೊಂಡಳು, ಒಳಗಿನಿಂದ ಚಿಲಕ ಬಿದ್ದ ಸದ್ದೂ ಬೀದಿಗೆ ಕೇಳಿಸಿತು. ಓಬಳಮ್ಮನ ಬಾಯಿಗೆ ಕನ್ನಡವೂ ಬರಲಿಲ್ಲ, ತೆಲುಗೂ ಬರಲಿಲ್ಲ. ಬಿಂದಿಗೆ ಬಗ್ಗಿಸಿದಳು.

“ಹುಳದ ಮೇಲೆ ಹಾಕಿದ ಮಾತು ನೀರಾಗ್ಲಿ,” ಎಂದಳು.

ನೀರು ಇಳಿಜಾರಿನಲ್ಲಿ ಹರಿದು ಮೋರಿಗೆ ಸೇರಿತು. ನಿಂತವರು ಒಬ್ಬೊಬ್ಬರಾಗಿ ಕರಗಿದರು. ಮುನಿಶಾಮಪ್ಪ ದೊಡ್ಡದಾಗಿ ಉಸಿರು ಬಿಟ್ಟ.

“ಅಲ್ಲಿಗೆ ಎಲ್ಲ ಹೋದಂಗೆ ತಾನೆ? ನಮ್ಮ ಮೇಲಿಂದೂ?”

“ಹುಳದ ಮೇಲಿಂದು ಹೋಯ್ತು. ನಿಮ್ಮಿಬ್ಬರ ಮೇಲಿಂದು ನಾನು ತೆಗ್ದಿಲ್ಲ.” ಓಬಳಮ್ಮ ಖಾಲಿ ಬಿಂದಿಗೆಯನ್ನು ಮತ್ತೆ ಸೊಂಟಕ್ಕಿಟ್ಟುಕೊಂಡಳು. “ಕೋಳಿ ಹೋದ್ರೆ ಇನ್ನೊಂದು ಕಾವು ಕೂರಿಸ್ಕೊಂತೀನಿ. ಅವಳನ್ನ ಎಲ್ಲಿಂದ ತರ್ಲಿ? ಅವಳು ಬಂದು ನನ್ನ ಒಲೆ ಮುಂದೆ ಕೂರೋವರ್ಗೂ ಅದು ನಿಮ್ಮ ಮೇಲೆ ಹಂಗೇ ಇರ್ತೈತೆ. ಏನು ಮಾಡ್ತೀರೋ ನೋಡ್ಕೊಳಿ.”

ಆಕೆ ಒಳಗೆ ಹೋದಳು. ಒದ್ದೆ ಬೀದಿಯಲ್ಲಿ ಅಪ್ಪ ಮಗ ಇಬ್ಬರೇ ಉಳಿದರು. ಮುರಳಿಮೋಹನ್ ಹೆಲ್ಮೆಟ್ಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. ಮುನಿಶಾಮಪ್ಪ ಸ್ವಲ್ಪ ಹೊತ್ತು ತನ್ನ ಮನೆಯ ಕಡೆ ನೋಡಿದ. ಆಮೇಲೆ ಹೆಗಲ ಮೇಲಿನ ಟವೆಲ್ಲು ತೆಗೆದು ಕಂಕುಳಿಗಿಟ್ಟುಕೊಂಡು, ಚಪ್ಪಲಿ ಬೀದಿಯಲ್ಲೇ ಬಿಟ್ಟು, ಚಿಕ್ಕವೆಂಕಟಮ್ಮನ ಬಾಗಿಲು ತಟ್ಟಿದ. ಒಳಗಿನಿಂದ ಯಾರೂ ಓಗೊಡಲಿಲ್ಲ. ಅವನು ಮತ್ತೆ ತಟ್ಟಿದ.